ಐದು ಬೆರಳಿನ ಗುರುತು

ಒಂದೂರಲ್ಲಿ ಒಬ್ಬ ಅಕ್ಕ ಇದ್ದಳಂತೆ. ಅವಳಿಗೊಬ್ಬಳು ಮಾತು ಬಾರದ ತಂಗಿ. ಶಾಲೆಯ ಗಂಟೆ ಹೊಡೆದರೆ ಸಾಕು, ತಂಗಿ ಕಿವಿ ಮುಚ್ಚಿಕೊಂಡು ಓಡುವಳು. ಒಂದು ದಿನ ಡ್ರಾಯಿಂಗ್ ಮೇಷ್ಟ್ರು ಅವಳ ಮಣಿಕಟ್ಟು ಹಿಡಿದು ದರದರ ಎಳೆದು ತಂದರು. ಮಣಿಕಟ್ಟಿನ ಮೇಲೆ ಐದು ಬೆರಳಿನ ಗುರುತೂ ಮೂಡಿತು. ತಂಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಆ ಕೈ ತಂಗಿಯೆದುರು ಕ್ಷಮೆ ಬೇಡುವವರೆಗೂ ಬಿಡೆನೆಂದು ಅಕ್ಕ ಪಣ ತೊಟ್ಟಳು.

ಅಜ್ಜಿ ಹೇಳಿದ್ದರೆ ಕಥೆ ಹೀಗೇ ಶುರುವಾಗುತ್ತಿತ್ತು. ಆ ಅಕ್ಕ ನಾನೇ.

ಕೆರಳಿದ ಮಕ್ಕಳನ್ನು ನೋಯಿಸದೆ ಸಮಾಧಾನಪಡಿಸುವುದನ್ನು ಹಟ ಹಿಡಿದು ಕಲಿತೆ, ಕಲಿಸುವವಳೂ ಆದೆ. ಮೂರು ವರ್ಷದ ಮೇಲೆ ಅದೇ ಶಾಲೆಯ ಸಿಬ್ಬಂದಿಗೆ ಟ್ರೈನಿಂಗ್ ಕೊಡಲು ಕರೆ ಬಂತು. ಮುಂದಿನ ಸಾಲಿನಲ್ಲೇ ಮೇಷ್ಟ್ರು, ಉಗುರಿನ ಅಂಚಿನಲ್ಲಿ ನೀಲಿ ಬಣ್ಣ. ದೇವರು ಇವರಿಗೇ ಏಕೆ ಇಷ್ಟು ಚೆಂದದ ಕಣ್ಣು ಕೊಟ್ಟನೋ ಎಂದು ಸಿಟ್ಟು ಇಮ್ಮಡಿಯಾಯಿತು.

ನಟಿಸಿ ಕಲಿಯುವ ಪಾಠದಲ್ಲಿ ಕೆರಳಿದ ಮಗುವಿನ ಪಾತ್ರಕ್ಕೆ ಅವರನ್ನೇ ಎಬ್ಬಿಸಿದೆ. ನಾಲ್ವರು ಸುತ್ತುವರಿದು ಗದರಿಸಬೇಕೆಂದೆ. ಎಲ್ಲರೂ ನಗುನಗುತ್ತಲೇ ಗದರಿದರು. ನಾನು ನಗಲಿಲ್ಲ. ಗಂಟೆ ಹೊಡೆಸಿ, ಅವರ ಮಣಿಕಟ್ಟು ಬಿಗಿಯಾಗಿ ಹಿಡಿದೆ.

ಬಿಡಿಸಿಕೊಳ್ಳುವ ಉಪಾಯ ಬೆಳಿಗ್ಗೆಯಷ್ಟೇ ಕಲಿಸಿದ್ದೆ: ಹಿಡಿದವರ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿದರೆ ಸಾಕು. ಅವರು ತಿರುಗಿಸಲಿಲ್ಲ.

"ಮರ್ತುಹೋಯ್ತಾ ಮೇಷ್ಟ್ರೇ?"

"ಇಲ್ಲ ಮೇಡಂ. ಅವಳಿಗೆ ಇದನ್ನ ಯಾರೂ ಹೇಳ್ಕೊಟ್ಟಿರ್ಲಿಲ್ಲ. ಅವಳು ನಿಮ್ಮ ತಂಗಿ ಅಂತ ನಿಮ್ಮ ಕಣ್ಣು ನೋಡೇ ಗೊತ್ತಾಯ್ತು. ಹಿಡ್ಕೊಳ್ಳಿ, ನಿಮಗೆ ಸಾಕನ್ನಿಸೋವರೆಗೂ."

ನನ್ನ ಬೆರಳಡಿ ಅವರ ನಾಡಿ ಓಡುತ್ತಿತ್ತು, ನನ್ನದು ಅದಕ್ಕಿಂತ ಜೋರಾಗಿ. ಸೇಡು ಇಷ್ಟು ಬೆಚ್ಚಗಿರುತ್ತದೆಂದು ಅಜ್ಜಿ ಹೇಳಿರಲೇ ಇಲ್ಲ.

"ನನಗಲ್ಲ, ಅವಳಿಗೆ ಸಾಕನ್ನಿಸಬೇಕು" ಎಂದು ಕೈ ಬಿಟ್ಟೆ.

ಪ್ರತಿ ಭಾನುವಾರ ಅವರು ನಮ್ಮ ಮನೆಗೆ ಬಂದರು. ಜಗಲಿ ದಾಟಗೊಡಲಿಲ್ಲ. ನಾನು ಕಲಿಸಿದಂತೆಯೇ ಜಗಲಿಗೆ ತೆರೆಯುವ ತಂಗಿಯ ಕೋಣೆಯ ಬಾಗಿಲಿಂದ ಎರಡು ಮಾರು ದೂರ, ಓರೆಯಾಗಿ, ಅಂಗೈ ತೆರೆದು, ಮಾತಿಲ್ಲದೆ ಕೂರುತ್ತಿದ್ದರು. ಅವರ ಕಾಲು ಜೋಮು ಹಿಡಿಯುವುದನ್ನು ನೋಡಿ ನಾನು ಹಿಗ್ಗುತ್ತಿದ್ದೆ. ಬಿಸಿಲು ಅವರ ಕೆನ್ನೆಗೆ ಬಂದಾಗ ಮಾತ್ರ ಜಗಲಿಯ ಪರದೆ ಎಳೆಯುತ್ತಿದ್ದೆ.

"ಸೇಡು ತೀರಿಸ್ಕೊಳ್ಳೋರು ಕಿಟಕೀಲಿ ಇಷ್ಟು ಸಲ ಇಣುಕ್ತಾರೇನೇ?" ಎಂದಳು ಅಮ್ಮ.

ಏಳನೆಯ ಭಾನುವಾರ ತಂಗಿ ಹೊರಬಂದಳು. ನೆಟ್ಟಗೆ ಹೋಗಿ ಅವರ ಮಣಿಕಟ್ಟು ಹಿಡಿದಳು, ಉಗುರು ನಾಟುವಷ್ಟು. ಅವರು ಬಿಡಿಸಿಕೊಳ್ಳಲಿಲ್ಲ.

"ತಪ್ಪಾಯ್ತು ಪುಟ್ಟಿ. ನಿನ್ನ ತುಂಬಾ ನೋಯಿಸ್ಬಿಟ್ಟೆ."

ತಂಗಿ ಬಹಳ ಹೊತ್ತಿನ ಮೇಲೆ ಹಿಡಿತ ಸಡಿಲಿಸಿದಳು. ಮೂಡಿದ ಐದು ಗುರುತುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ನನ್ನ ಕೈಯೆಳೆದು ಅವುಗಳ ಮೇಲಿಟ್ಟು ಒಳಗೆ ಹೋದಳು.

ಪಣ ತೀರಿತ್ತು. ನಾನು ಕೈ ತೆಗೆಯಲಿಲ್ಲ.