ರಿಪೋರ್ಟ್ ಬರುವ ಮುನ್ನ

"ನೀವ್ಯಾಕ ಬಂದ್ರಿ ಇಲ್ಲಿಗೆ?"

ರಾಮದಾಸಪೇಠದ ಲ್ಯಾಬಿನಲ್ಲಿ ರಕ್ತ ಕೊಟ್ಟು, ಮೊಣಕೈಗೆ ಹತ್ತಿ ಒತ್ತಿಕೊಂಡು ಹೊರಬಂದ ರಚನಾಳ ಎದುರಿಗೆ ನಿಂತಿದ್ದವನು ಅವಳ ಗಂಡ ನಂದೀಶ! ಅವನ ಮುಖ ನೋಡಿ ಐದು ತಿಂಗಳಾಗಿತ್ತು.

ಅಂದು ಇದೇ ಲ್ಯಾಬಿಗೆ ಅವನೇ ಕರೆತಂದಿದ್ದ. ಅವಳ ಅಂಗಾಲು ಜುಮುಗುಡುತ್ತಿತ್ತು, ಎದ್ದರೆ ತಲೆ ತಿರುಗುತ್ತಿತ್ತು. ವಿಟಮಿನ್ ಬಿ-ಹನ್ನೆರಡು ಪರೀಕ್ಷೆ ಮಾಡಿಸಿ ಎಂದಿದ್ದರು ಡಾಕ್ಟರು. ಲ್ಯಾಬಿನ ಹುಡುಗಿ ಮರಾಠಿಯಲ್ಲಿ ಏನೋ ಕೇಳಿದಳು. ಮದುವೆಯಾಗಿ ಧಾರವಾಡದಿಂದ ಆಗಷ್ಟೇ ಬಂದಿದ್ದ ರಚನಾಳಿಗೆ ಅರ್ಥವಾಗಲಿಲ್ಲ. ನಂದೀಶನೇ "ನಾಹೀ, ನಾಹೀ" ಎಂದು ಮುಗಿಸಿದ.

ರಿಪೋರ್ಟ್ ನಾರ್ಮಲ್ ಬಂತು. ಅಲ್ಲಿಗೆ ಅವಳ ನೋವೇ ಸುಳ್ಳಾಯಿತು! ಒಂದು ಕಾಗದಕ್ಕಿರುವ ಬೆಲೆ ಹೆಂಡತಿಯ ಮಾತಿಗಿಲ್ಲ ನೋಡಿ.

"ಎಲ್ಲಾ ಬರೋಬರ್ ಐತಿ. ಕೆಲಸ ತಪ್ಪಸಾಕ ನಾಟಕ ಮಾಡ್ತೀ," ಎಂದಿದ್ದ, ತಾವಿದ್ದ ಮೌದಾ ಕ್ವಾರ್ಟರ್ಸಿನ ನೆರೆಯವರ ಮುಂದೆಯೇ. ಅಂದೇ ಅವಳು ಪ್ರತಾಪ ನಗರದ ತನ್ನ ಚಿಕ್ಕಮ್ಮನ ಮನೆ ಸೇರಿದಳು. ಕಾಲು ಮಾತ್ರ ದಿನದಿನಕ್ಕೆ ಮರಗಟ್ಟುತ್ತಾ ಹೋಯಿತು.

"ಲ್ಯಾಬಿನವರ ಹತ್ರ ಇನ್ನೂ ನನ್ನ ನಂಬರ್ ಐತಿ. ನೀ ಬರ್ತೀ ಅಂತ ಮೆಸೇಜ್ ಬಂತು," ನಂದೀಶ ತಡವರಿಸಿದ. "ವಿಟಮಿನ್ ಗುಳಿಗಿ ತಗೋತಾರೇನು ಅಂತ ಅವತ್ತು ಆ ಹುಡುಗಿ ಕೇಳಿದ್ಲು. ನಾ ನಿನ್ನ ಕೇಳದ ಇಲ್ಲ ಅಂದೆ..."

"ತಗೋತಿದ್ದೆ. ಅತ್ತಿಯವರು ಕಳಿಸಿದ್ರು."

"ಮೊನ್ನೆ ಕಪಾಟಿನ್ಯಾಗ ಸಿಕ್ಕವು. ಗುಳಿಗಿ ನುಂಗಿ ರಕ್ತ ಕೊಟ್ರ, ಕೊರತಿ ಇದ್ರೂ ಅಂಕಿ ಚಲೋನ ಬರ್ತಾವಂತ. ಡಾಕ್ಟರ್ ಹೇಳಿದ್ರು."

"ಸಿಗದಿದ್ರ? ನಾ ಇನ್ನೂ ನಾಟಕದಾಕೀನ?"

ಅವನು ತಲೆ ತಗ್ಗಿಸಿದ. "ಹೌದು... ಅದ ನನ್ನ ತಪ್ಪು."

ಕೆಟ್ಟ ಮೇಲೆ ಬುದ್ಧಿ ಬಂತು! ರಚನಾ ಮೊಣಕೈಯ ಹತ್ತಿ ತೆಗೆದೆಸೆದಳು.

"ನಾಳೆ ರಿಪೋರ್ಟ್ ನಿಮ್ಮ ಮೊಬೈಲಿಗೇ ಬರ್ತಿತ್ತು. ನೋಡಿ ಬರಬಹುದಿತ್ತಲ್ಲ?"

"ಅದಕ್ಕ ಇವತ್ತ ಬಂದೆ. ನಾಳೆ ಮತ್ತ ನಾರ್ಮಲ್ ಅಂತ ಬಂದ್ರೂ ನಿನ್ನ ಕಾಲಿನ ತ್ರಾಸು ಖರೇನ. ನೀ ಹೇಳಿದ್ದ ಸಾಕು ನನಗ."

ಈ ಒಂದು ಮಾತಿಗಾಗಿ ಅವಳು ಎಷ್ಟು ಕಾದಿದ್ದಳು! ಕಣ್ಣು ತುಂಬಿತು. ಸಿಟ್ಟು ಮಾತ್ರ ಹಾಗೇ ಇತ್ತು.

"ಐದು ತಿಂಗಳ ತಡ ಮಾಡಿದಿರಲ್ರೀ... ಇನ್ನ ಕಾಲು ಪೂರ್ತಿ ನೆಟ್ಟಗಾಗ್ತಾವೋ ಇಲ್ಲೋ ಅಂದಾರ ಡಾಕ್ಟರ್."

ನಂದೀಶ ಅವಳ ಕಾಲುಗಳತ್ತ ನೋಡಿದ. ಮೆಲ್ಲಗೆ ಕೇಳಿದ, "ಮನೀಗೆ ಬರ್ತೀಯೇನು?"

"ಇವತ್ತಿಲ್ಲ."

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ರಚನಾ ಮೆಟ್ಟಿಲುಗಳನ್ನು ನೋಡಿದಳು, ಆಮೇಲೆ ಅವನನ್ನು.

"ಮೆಟ್ಟಿಲು ಕಣ್ಣಿಗೆ ಕಾಣ್ತಾವು, ಕಾಲಿಗೆ ತಿಳಿಯಂಗಿಲ್ಲ. ಕೈ ಹಿಡೀರಿ."