ಲಂಗರಿನ ಸರಪಳಿಗೆ ಕಟ್ಟಿದ ಹಗ್ಗ

ಶ್ರೀಹರಿಯವರನ್ನು ನಾನು ಬೇಡ ಅಂದದ್ದು ಅವರ ಮನೆ ಹೊಳೆಯಾಚೆ ಇದೆ ಅನ್ನುವ ಒಂದೇ ಕಾರಣಕ್ಕೆ. ಹುಡುಗ ಚಂದ, ಮಾತು ಚಂದ, ನಕ್ಕರೆ ಎಡಗೆನ್ನೆಯಲ್ಲಿ ಗುಳಿ. ನೋಡಲು ಬಂದ ದಿನ ಕಾಫಿ ಕೊಡುವಾಗ ಅದನ್ನೆಲ್ಲ ಕದ್ದು ನೋಡಿದ್ದೆ. ಆದರೆ ನೀರು ಕಂಡರೆ ನನಗೆ ಜೀವ ಬಾಯಿಗೆ ಬರುತ್ತದೆ. ತೊಂಬತ್ತಾರನೇ ಇಸವಿ, ಕಳಸದ ಹತ್ತಿರದ ನಮ್ಮೂರಿಗೆ ಸೇತುವೆ ಇರಲಿಲ್ಲ.

"ಪಂಚಮಿ, ಒಂದೇ ಸಲ ನಮ್ಮ ದೋಣೀಲಿ ದಾಟಿ ನೋಡಿ. ಆಮೇಲೆ ಬೇಕಾದ್ರೆ ಬೇಡ ಅನ್ನಿ," ಎಂದು ಅವರೇ ಬಂದು ಕೇಳಿದರು. ಅಪ್ಪ ಹೂಂ ಅಂದು ದಡದಲ್ಲಿ ನಿಂತರು.

ಭದ್ರಾ ಹೊಳೆಯ ನಡುವೆ ಶ್ರೀಹರಿಯವರ ಕೈಯ ಹುಟ್ಟು ಬಂಡೆಗೆ ಬಡಿದು ಮುರಿಯಿತು. ದೋಣಿ ಸೆಳವಿಗೆ ಸಿಕ್ಕಿತು. ಶ್ರೀಹರಿ ಲಂಗರು ಎಸೆದರು. ಅದು ತಳದಲ್ಲಿ ಎಲ್ಲೋ ಕಚ್ಚಿಕೊಂಡಿತು. ಆದರೆ ಸರಪಳಿ ಸಿಕ್ಕಿಸಿದ್ದ ಕಬ್ಬಿಣದ ಬಳೆ ದೋಣಿಯ ಒಂದೇ ಪಕ್ಕಕ್ಕಿತ್ತು. ದೋಣಿ ಅಡ್ಡ ತಿರುಗಿ ವಾಲಿತು, ನೀರು ಒಳಗೆ ನುಗ್ಗಿತು. ಬಳೆಯ ಮೊಳೆಗಳು ಕಿರ್ರನೆ ಮೇಲೇಳತೊಡಗಿದವು.

"ಅಯ್ಯೋ, ಸತ್ತೆ! ನಿಮ್ಮನ್ನ ನಂಬಿ ಬಂದ್ನಲ್ಲ!"

"ಬೈಯಿರಿ, ಕೂತ್ಕೊಂಡು ಬೈಯಿರಿ." ಅವರ ಮುಖವೂ ಬಿಳಿಚಿಕೊಂಡಿತ್ತು. ದೋಣಿಯಲ್ಲಿದ್ದ ಹಗ್ಗದ ಸುರುಳಿ ಎತ್ತಿಕೊಂಡರು. "ಈ ಹಗ್ಗದ ನಡುವನ್ನ ಸರಪಳಿಗೆ ಕಟ್ಟಿ, ಎರಡು ತುದಿ ದೋಣಿ ಮೂತಿಯ ಎರಡೂ ಬದಿಗೆ ಬಿಗೀಬೇಕು. ಆಗ ದೋಣಿ ನೆಟ್ಟಗೆ ನಿಲ್ಲುತ್ತೆ. ನಾನು ಬಗ್ತೀನಿ, ಕಾಲು ಹಿಡ್ಕೊಳ್ಳಿ."

ಎರಡೂ ಕೈಯಲ್ಲಿ ತಬ್ಬಿ ಹಿಡಿದೆ.

"ಒಪ್ಕೊಳ್ಳಿ ಅಂತ ನಾನು ನಿಮ್ಮ ಕಾಲು ಹಿಡೀಬೇಕಿತ್ತು. ಈಗ ನೋಡಿ."

"ಇಲ್ಲೂ ತಮಾಷೆನಾ ಮಾರಾಯ್ರೆ! ಬೇಗ ಕಟ್ಟಿ!"

ಮಾತು ಮುಗಿಯುವಷ್ಟರಲ್ಲಿ ಅವರ ತಲೆ ನೀರಿನಡಿ ಹೋಯಿತು. ಮೇಲೆ ಬರಲೇ ಇಲ್ಲ. ನನ್ನ ಜೀವದ ನೆನಪೇ ಹೋಯಿತು. ದೇವರೇ, ಇವರೊಬ್ಬರು ಉಳಿಯಲಿ ಅಂತ ಬೇಡಿಕೊಂಡೆ. ಇಷ್ಟು ಇಷ್ಟವಾದವರನ್ನು ಬೇಡ ಅಂದೆನಲ್ಲ, ನನಗೇನು ಬಂದಿತ್ತು ದೊಡ್ಡ ರೋಗ!

ಕೆಮ್ಮುತ್ತ ಮೇಲೆ ಬಂದರು. ಗಂಟು ಬಿದ್ದಿತ್ತು. ಹಗ್ಗದ ಒಂದು ತುದಿಯನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಬಿಗಿದರು. ಮರುಕ್ಷಣವೇ ಬಳೆ ಕಿತ್ತುಬಂದು ನೀರಿಗೆ ಬಿತ್ತು. ನಾನು ಕಿರುಚಿದೆ. ಹಗ್ಗ ತಡೆಯಿತು. ದೋಣಿ ಮೆಲ್ಲಗೆ ಮೂತಿ ತಿರುಗಿಸಿ ಸೆಳವಿಗೆ ಎದುರಾಗಿ ನಿಂತಿತು.

ಅಷ್ಟರಲ್ಲಿ ಅಂಬಿಗ ಗುರುವಯ್ಯ ತನ್ನ ದೋಣಿ ತಂದ. "ಯಾವ ದಡಕ್ಕೆ ಎಳೀಲಿ ಅಯ್ಯಾ?"

"ಈಚೆಗೆ ತಾರೋ!" ಅಪ್ಪ ದಡದಿಂದ ಕೂಗುತ್ತಿದ್ದರು.

ಶ್ರೀಹರಿ ನನ್ನ ಮುಖ ನೋಡಲಿಲ್ಲ. "ಇವರ ಮನೆ ಕಡೆಗೇ ಎಳಿ. ಪಾಪ, ತುಂಬಾ ಹೆದರಿದಾರೆ."

"ಬೇಡ, ಗುರುವಯ್ಯ." ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. "ಆಚೆ ದಡಕ್ಕೆ. ಇವರ ಮನೆಗೆ."

ಶ್ರೀಹರಿ ಗಕ್ಕನೆ ತಿರುಗಿದರು. "ಭಯ ಹೋಯ್ತಾ?"

"ಒಂದಿಷ್ಟೂ ಹೋಗಿಲ್ಲ," ಅಂದೆ. "ಆದ್ರೂ ಅಲ್ಲಿಗೇ."