ಬಾಗಿಲಲ್ಲಿ ಬಿಟ್ಟ ಮೆಟ್ಟು

ಈಗಲೂ ನೆನಪಾದರೆ ನನ್ನ ಮೈ ಉರಿಯುತ್ತದೆ. 2007ರ ಜನವರಿ ರಜೆಯಲ್ಲಿ ಸ್ಕಾಟ್ಲೆಂಡ್ ನೋಡಲು ಹೋಗಿದ್ದೆವು. ಕಲೋಡನ್ ಯುದ್ಧಭೂಮಿಯಲ್ಲಿ, ಇನ್ನೂರೈವತ್ತು ವರ್ಷಗಳ ಹಿಂದೆ ಸತ್ತ ಸೈನಿಕರನ್ನು ಒಟ್ಟಿಗೆ ಹೂತ ದಿಬ್ಬದ ಮೇಲೆ ನನ್ನ ಗಂಡ ಸುಕೇಶ್ ಬೂಟು ಹಾಕಿಕೊಂಡೇ ಹತ್ತಿ ನಿಂತರು.

"ಊರಲ್ಲಿ ನಾಗಬನಕ್ಕೆ ಹೀಗೇ ಹೋಗ್ತೀರಾ? ಇಳೀರಿ ಕೆಳಗೆ!" ಎಂದು ಕಿರುಚಿದೆ.

"ಬರೀ ಹುಲ್ಲು ಮಾರಾಯ್ತಿ. ಫೋಟೋ ತೆಗಿ."

ವಾಪಸ್ ಬಂದಾಗ ಮೆಲ್ಬರ್ನ್ ಏರ್‌ಪೋರ್ಟಿನಲ್ಲಿ, ಹೊರದೇಶದ ಮಣ್ಣು ಒಳಗೆ ಬರಬಾರದೆಂದು ಕ್ವಾರಂಟೈನ್‌ನವರು ಆ ಬೂಟಿನ ಮಣ್ಣನ್ನೆಲ್ಲ ತೊಳೆದು ಕೊಟ್ಟರು. ಟಾರ್ನೀಟ್‌ನ ನಮ್ಮ ಮನೆಯಲ್ಲಿ ಅದನ್ನು ಬಾಗಿಲ ಒಳಗೆ, ಚಪ್ಪಲಿ ಬಿಡುವ ಮೂಲೆಯಲ್ಲಿಟ್ಟೆವು. ತಿಂಗಳುಗಟ್ಟಲೆ ಮಳೆಯಿಲ್ಲ, ಗಿಡಕ್ಕೆ ನೀರು ಬಿಡಲೂ ನಿರ್ಬಂಧ. ಆದರೂ ಬೆಳಿಗ್ಗೆ ಬೂಟಿನ ತುಂಬ ಕಪ್ಪು ಕೆಸರು. ಬೈದುಕೊಂಡೇ ತೊಳೆದೆ. ಮತ್ತೆ ಕೆಸರು. ನಲವತ್ತು ಡಿಗ್ರಿ ಸೆಕೆಯಲ್ಲೂ ಆ ಮೂಲೆ ಮಾತ್ರ ತಣ್ಣಗಿತ್ತು, ಒದ್ದೆ ಕಂಬಳಿಯ ವಾಸನೆ ಬರುತ್ತಿತ್ತು.

ಒಂದು ಸಂಜೆ ಕೆಲಸದಿಂದ ಬಂದಾಗ ಬೂಟಿನ ಪಕ್ಕ ಒಂದು ಜೊತೆ ಹಳೆಯ ಚರ್ಮದ ಮೆಟ್ಟುಗಳಿದ್ದವು. ನೀರಿಳಿಯುತ್ತಿತ್ತು. ಯಾರೋ ಬಿಚ್ಚಿ ನೀಟಾಗಿ ಜೋಡಿಸಿದ್ದರು.

ಸುಕೇಶರನ್ನು ಅಲ್ಲಿಗೆ ಎಳೆದು ತಂದೆ.

"ನೋಡಿ! ಬೇರೆಯವರ ಜಾಗಕ್ಕೆ ಹೇಗೆ ಬರ್ಬೇಕು ಅಂತ ಆ ದಿಬ್ಬದವನಿಗೆ ಗೊತ್ತುಂಟು. ನಿಮಗೆ ಗೊತ್ತಿಲ್ಲ!"



ಎರಡು ಬೇಸಿಗೆ ಕಳೆದವು. ಆ ಮೆಟ್ಟುಗಳು ಇನ್ನೂ ಒಣಗಿಲ್ಲ. ಅವನ್ನು ಹಾಕಿಕೊಂಡು ಯಾರೂ ಹೊರಗೆ ಹೋಗಿಯೂ ಇಲ್ಲ.